ನಲವತ್ತೈದು ಕಿಲೋಹರ್ಟ್ಸ್

ಊಟದ ಮೇಜಿನ ಅರ್ಧ ಅನ್ನದ್ದು, ಅರ್ಧ ನನ್ನದು.
ಆಚೆ ಸಾರು, ಸುಟ್ಟ ಹಪ್ಪಳ. ಈಚೆ
ಪಟ್ಟೆ ಪಟ್ಟೆ ತಾಮ್ರದ ಹಲಗೆ,
ಉಪ್ಪಿನಕಾಯಿ ಬಾಟಲಿಯ ಮುಚ್ಚಳದಲ್ಲಿ
ಆರಿಸಿಟ್ಟ ರೆಸಿಸ್ಟರುಗಳು.
ಅಕ್ಕಿಯಲ್ಲಿ ಕಲ್ಲು ಆರಿಸಿದ ಕಣ್ಣಿಗೆ
ಬಣ್ಣ ಆರಿಸುವುದೇನು ಮಹಾ ಅಂದುಕೊಂಡಿದ್ದೆ.
ಹಳದಿ, ನೇರಳೆ, ಕೆಂಪು.
ಹಳದಿ, ನೇರಳೆ, ಕಿತ್ತಳೆ.
ರಾತ್ರಿ ಹನ್ನೊಂದರ ದೀಪದಲ್ಲಿ
ಕೆಂಪೂ ಕಿತ್ತಳೆಯೂ ಒಂದೇ ಸೀರೆ ಉಟ್ಟ ಓರಗಿತ್ತಿಯರು;
ಹತ್ತು ಪಟ್ಟು ಅಂತರ, ಮುಖದಲ್ಲಿ ಕಾಣದು.

ಹಗಲು ನಾನು ಹಲ್ಲು ಮಾಡುತ್ತೇನೆ.
ಸ್ಕಿಪ್ಟನ್ ಪೇಟೆಬೀದಿಯ ಹಿಂದೊಂದು ಲ್ಯಾಬು,
ಯಾರದೋ ಬಾಯಿಯ ಅಚ್ಚು, ಪಿಂಗಾಣಿ, ಮೂರು ಕೂದಲ ಕುಂಚ.
ಅಂಥ ಕೈಯಿಂದಲೂ ಮೊದಲ ಬೆಸುಗೆ
ಮಗುವಿನ ಮೂಗು ಸುರಿದ ಹಾಗೆ ಸುರಿಯಿತು.
ಪಕ್ಕದ ಮನೆಯ ವಿಲ್ಫಜ್ಜ ನೋಡಿ
ಬೀದಿಗೆಲ್ಲ ಕೇಳುವಂತೆ ನಕ್ಕ.
ಹದಿನೈದಕ್ಕೆ ಗಿರಣಿ ಸೇರಿದವನು,
ನೂರು ಮಗ್ಗದ ಸದ್ದು ಕಿವಿಯನ್ನು ತಿಂದು ಮುಗಿಸಿದೆ.
ತುಟಿ ಓದುತ್ತಾನೆ. ಮೀಸೆಯವರ ಜೊತೆ ಮಾತಾಡುವುದಿಲ್ಲ.

ಕಟ್ಟುತ್ತಿರುವುದು ಬಾವಲಿ ಕೇಳುವ ಡಬ್ಬಿ,
ಬಿಸ್ಕತ್ತಿನ ತಗಡಿನದು, ಮುಚ್ಚಳದ ಮೇಲೆ ಕುರಿಯ ಚಿತ್ರ.
ಅವು ಕೂಗುವುದು
ನಮ್ಮ ಕಿವಿಗೆ ಏಣಿ ಸಾಲದ ಅಟ್ಟದಲ್ಲಿ.
ಡಬ್ಬಿಯೊಳಗೆ ಅದೇ ಎತ್ತರದ
ಒಂದು ಸುಳ್ಳು ಕೂಗು ಹುಟ್ಟಿಸಿ
ನಿಜವನ್ನೂ ಸುಳ್ಳನ್ನೂ ಕಲೆಸಿದರೆ
ಎರಡರ ವ್ಯತ್ಯಾಸ ಮಾತ್ರ
ಮೆಟ್ಟಿಲಿಳಿದು ಬರುತ್ತದೆ, ಟಕ್ ಟಕ್ ಅಂತ.
ಹಾಗಂತ ನಕ್ಷೆ ಹೇಳುತ್ತದೆ.

ಮೂರು ವಾರ ಡಬ್ಬಿ ಮೂಕ.
ಬ್ಯಾಟರಿಯನ್ನು ನಾಲಿಗೆಗೆ ಮುಟ್ಟಿಸಿದರೆ
ಹುಣಸೆ, ಚುರುಕ್. ಜೀವ ಇದೆ.
ತಂತಿ ಎಳೆದು ನೋಡಿದೆ. ಬಯ್ದು ನೋಡಿದೆ.
ಬೆಸುಗೆ ಹೀರಿ ತೆಗೆದು ಮತ್ತೆ ಹಾಕಿದೆ,
ರಾಳದ ಹೊಗೆಗೆ ಅಲಾರಂ ಎರಡು ಸಲ ಅರಚಿತು.
ಕೊನೆಗೆ ವಿಲ್ಫಜ್ಜನೇ ಹಲಗೆಯನ್ನು ಕಿಟಕಿಗೆ ಒಯ್ದು
ಬಟ್ಟೆಯ ಅಂಚು ನೋಡುವ ಹಾಗೆ ಓರೆ ಹಿಡಿದು,
ಉಗುರು ಇಟ್ಟ:
"ಇದು ಕೆಂಪಲ್ಲ, ಮಗಳೇ."

ಸಿಗ್ನಲ್ ಜನರೇಟರ್ ಇದ್ದವರು ಅದರಲ್ಲಿ ಪರೀಕ್ಷಿಸುತ್ತಾರೆ.
ನನಗಿದ್ದದ್ದು ನಾಲ್ಕು ಗಾಜಿನ ಬಳೆ.
ಮುಂಗೈ ಅಲ್ಲಾಡಿಸಿದೆ.
ಡಬ್ಬಿ ಉಸಿರುಕಟ್ಟಿ ಎದ್ದವಳಂತೆ ಕೆಮ್ಮಿತು.
ಇಷ್ಟು ವರ್ಷ ಕೈಯಲ್ಲೇ ಇದ್ದು
ಹೇಳದೆ ಉಳಿಸಿಕೊಂಡಿದ್ದವೆ ಇದನ್ನು?

ಬಾವಲಿ ಮನೆಗೆ ನೆಂಟರು ಹೋದರೆ
'ನೀವೂ ಜೋತು ಬೀಳಿ' ಅಂದವಂತೆ.
ಕಾಲುವೆಯ ಸೇತುವೆಯ ಕಲ್ಲಿಗೆ
ನಾವಿಬ್ಬರೂ ಜೋತುಬಿದ್ದೆವು, ಒಂಬತ್ತೂವರೆಗೆ,
ಆಗಷ್ಟೇ ಕತ್ತಲು ನೀರಿಗಿಳಿಯುತ್ತಿತ್ತು.
ಗುಂಡಿ ತಿರುಗಿಸಿದೆ. ನಲವತ್ತು. ನಲವತ್ತಮೂರು.
ಟಪ್.
ಟಪ್ ಟಪ್. ಒದ್ದೆ ಚಪ್ಪಲಿಯಲ್ಲಿ ಯಾರೋ ಓಡಿದ ಹಾಗೆ.
ನಾನು ಕುಣಿದೆ. ಅಜ್ಜ ಸುಮ್ಮನೆ ನೀರು ನೋಡುತ್ತಿದ್ದ.

ಥೂ, ಎಂಥ ಪೆದ್ದಿ ನಾನು!
ಅವನ ಹೆಬ್ಬೆರಳು ಹಿಡಿದು
ಸ್ಪೀಕರಿನ ಕಾಗದದ ಎದೆಗೆ ಒತ್ತಿದೆ.
ಟಪ್ ಟಪ್, ಆಮೇಲೆ ಬೇಗ, ಇನ್ನೂ ಬೇಗ,
ಝರ್ರ್, ಮತ್ತೆ ಏನಿಲ್ಲ.
"ದಾರ ಕಡೀತು," ಅಂದ ಗಟ್ಟಿಯಾಗಿ,
ಮಗ್ಗ ನಿಲ್ಲಿಸಲು ಇನ್ನೊಂದು ಕೈ ತಾನೇ ಮುಂದೆ ಹೋಗಿತ್ತು.

ಅಲ್ಲ, ಹುಳ ಹಿಡಿದದ್ದು ಅಂದೆ.
ಕತ್ತಲಲ್ಲಿ ನನ್ನ ತುಟಿ ಅವನಿಗೆಲ್ಲಿ ಕಾಣಬೇಕು.
ಡಬ್ಬಿಯ ಪುಟ್ಟ ಕೆಂಪು ದೀಪವನ್ನು
ಬಾಯಿಯ ಹತ್ತಿರ ತಂದು, ಅವಸರಕ್ಕೆ
ಕನ್ನಡದಲ್ಲೇ ಅಂದುಬಿಟ್ಟೆ: ನುಸಿ.
ಆ 'ಸಿ' ಎಲ್ಲಿಯವರೆಗೆ ಏರಿತ್ತೋ,
ಡಬ್ಬಿ ಅದನ್ನೂ ಹಿಡಿದು
ಹೆಬ್ಬೆರಳಿಗೆ ಒಂದು ಪೆಟ್ಟು ಕೊಟ್ಟಿತು.

ಅಜ್ಜ ಕೈ ತೆಗೆಯಲಿಲ್ಲ.
"ಇದು ನೀನಾ?" ಅಂದ.